ಬಿದಿಯಾದಲ್ಲಿ ಗಾಳಿ ಇಳಿಸಿದ್ದು

ಡಾಂಬರು ಮುಗಿಯುವಲ್ಲಿ ಸುವೈದ್ ಕುಕ್ಕರಗಾಲಲ್ಲಿ ಕೂತ.
ವಾಲ್ವಿಗೆ ಕಡ್ಡಿ ಒತ್ತಿ, ಕಣ್ಣು ಮುಚ್ಚಿ
ಮೂವತ್ತೈದರಿಂದ ಹದಿನೈದಕ್ಕೆ
ಬರೀ ಕಿವಿಯಲ್ಲೇ ಇಳಿದ.
ನಾನು ಗೇಜು ಹಿಡಿದೆ: ಹದಿನಾರು.
‘ಸುಳ್ಳು ಹೇಳುತ್ತದೆ ಅದು’ ಅಂದ.

ಉಬ್ಬಿದ ಚಕ್ರವನ್ನು ಮರಳು ನುಂಗುತ್ತದಂತೆ,
ಸೊರಗಿದ್ದಕ್ಕೆ ಬೆನ್ನು ಕೊಡುತ್ತದಂತೆ.
ಒಂಟೆಯ ಪಾದ ನೋಡು, ಎಂದು ತೋರಿಸಿದ.
ಒಂಟೆಯಿರಲಿಲ್ಲ. ಹೆಜ್ಜೆಯಿತ್ತು, ರೊಟ್ಟಿಯಗಲ.

ಮೂರು ದಿಬ್ಬ ಹತ್ತಿದೆವು.
ನಾಲ್ಕನೆಯದರ ನೆತ್ತಿಯಲ್ಲಿ
ನಾನು ಸ್ಟೇರಿಂಗ್ ಎಳೆದ ರಭಸಕ್ಕೆ
ಟೈರು ರಿಮ್ಮು ಬಿಟ್ಟಿತು.
ಸುವೈದ್ ಬೈಯಲಿಲ್ಲ.
ಮೊದಲು ಖರ್ಜೂರದ ಡಬ್ಬಿ ತೆಗೆದ,
ಆಮೇಲೆ ಜ್ಯಾಕು.

ಸಂಜೆ ಅದೇ ಡಾಂಬರಿನಂಚು.
ಕಂಪ್ರೆಸರು ಗೊರಕೆ ಹೊಡೆಯುತ್ತಿತ್ತು.
ಮಸ್ಕತ್ತಿನ ದಾರಿಗೆ ಮತ್ತೆ ಬಿಗಿಯಾಗಬೇಕಲ್ಲ,
ಒಂದೊಂದೇ ಚಕ್ರ ತುಂಬಿದೆ,
ಗೇಜಿನ ಮುಳ್ಳು
ಮೂವತ್ತಾರು ಮುಟ್ಟುವವರೆಗೆ.