ಒತ್ತು, ತಡಿ, ಎತ್ತು

ಮಾರ್ಲಿಸ್ ಹೋದ ಮೇಲೂ ಬಂದವು
ಅವಳ ಗೆಳತಿಯರ ಕಾರ್ಡುಗಳು, ನಲವತ್ತೊಂದು.
ಎಲ್ಲವೂ ಕೈಯಲ್ಲೇ ಮಾಡಿದ್ದು.
ಅಂಗಡಿಯ ಕಾರ್ಡಲ್ಲಿ ಉತ್ತರಿಸಲು ನಾಚಿಕೆ.
ಅವಳ ಪೆಟ್ಟಿಗೆ ತೆರೆದರೆ ರಬ್ಬರ್ ಅಚ್ಚುಗಳು:
ಜಿಂಕೆ, ಜರೀಗಿಡ, ತಿರುಗುಮುರುಗಾದ ‘ಧನ್ಯವಾದ’.
ಒಣಗಿದ ಶಾಯಿಮೆತ್ತೆಯಲ್ಲಿ ಅವಳ ಹೆಬ್ಬೆರಳು.

ಕಲಿಸುವವರು ಯಾರು ಇಲ್ಲಿ?
ಡುಲೂತ್‌ನಲ್ಲಿದ್ದಾರಂತೆ, ಎರಡು ಗಂಟೆಯ ದಾರಿ;
ಹಿಮ ಬಿದ್ದರೆ ಆ ದಾರಿ ಬಿಡಿಸಬೇಕಾದವನೇ ನಾನು.
ಗ್ರಂಥಾಲಯದಲ್ಲಿ ಕೇಳಿದೆ, ಚರ್ಚಿನ ಕಾಫಿಗೆ ಹೋಗಿ ಕೇಳಿದೆ,
ಕೆಮ್ಮಿ, ‘ನನಗಲ್ಲ’ ಎಂದು ಸೇರಿಸಿ.
ಕೊನೆಗೆ ಬೀಜ-ಗೊಬ್ಬರದ ಅಂಗಡಿಯ ಹಲಗೆಯಲ್ಲಿ
ಒಂದು ಚೀಟಿ: ಆರ್ಡಿಸ್ ಹಾಗೆನ್, ಗುರುವಾರ, ಮನೆಯಲ್ಲೇ.

ಆ ಹೆಸರು ಗೊತ್ತು.
ಎರಡು ಚಳಿಗಾಲ ಅವಳ ಅಂಚೆಡಬ್ಬಿ
ನನ್ನ ಟ್ರಕ್ಕಿನ ಹಿಮಗುದ್ದಲಿಗೆ ಸಿಕ್ಕಿ ಮಕಾಡೆ ಮಲಗಿತ್ತು.
ಹುಡುಕುವ ಬಳ್ಳಿ ಕಾಲಿಗೆ ತೊಡರುತ್ತದಂತೆ;
ನಾನದನ್ನು ಬೇರುಸಹಿತ ಕಿತ್ತಿದ್ದೆ.

‘ಗೊತ್ತು ನೀನು ಯಾರೆಂದು. ಬೂಟು ಅಲ್ಲಿ ಬಿಡು.’
ಮೂವತ್ತು ವರ್ಷ ಅಂಚೆಕಚೇರಿಯಲ್ಲಿ ಮುದ್ರೆ ಹೊಡೆದ ಕೈ.
ನಾನು ಜಿಂಕೆಯನ್ನು ಗುದ್ದಿದೆ: ಆರು ಕಾಲು, ಮುಖವೆಲ್ಲ ಮಸಿ.
‘ಹೊಡೆಯೋದು ಅಲ್ಲಿ,
ಅಂಚೆಚೀಟಿ ಇನ್ನೊಮ್ಮೆ ಬಳಕೆಗೆ ಬರಬಾರದು ಅಂತ.
ಇಲ್ಲಿ ಒತ್ತು. ತಡಿ. ನೇರ ಎತ್ತು.’

ತಡೆದೆ.
ಎಷ್ಟು ಹೊತ್ತೆಂದು ಅವಳು ಹೇಳಿರಲಿಲ್ಲ.

ನಾಲ್ಕೇ ಕಾಲು. ಒಂದು ಕಿವಿ ಮಾಸಲು.

ನಲವತ್ತೊಂದು ಇನ್ನೂ ಹಾಗೇ ಇವೆ.
ಮೊದಲ ಕಾರ್ಡು ಆರ್ಡಿಸಳ ಹೊಸ ಡಬ್ಬಿಗೆ ಹಾಕಿದೆ,
ಬೆಳಗಿನ ಜಾವ, ದೂರದಲ್ಲೇ ಟ್ರಕ್ಕು ನಿಲ್ಲಿಸಿ,
ನಡೆದು ಹೋಗಿ.