ವಿಷಯ: ಲೇಥ್ ಬಗ್ಗೆ

ಕುಂಬಾರಗುಂಡಿ ರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ,
ಅಗಲ ನಾಲ್ಕು ಮೊಳ, ಧಾರಾಳವಾಗಿ ಅಳೆದರೆ.
ಪುಟಕ್ಕೆ ಎರಡು ರೂಪಾಯಿ, ಪ್ರಿಂಟಿಗೆ ಐದು,
ಮೇಲ್ ಕಳಿಸಲು ಹತ್ತು.
ತಲುಪದಿದ್ದರೂ ಹತ್ತೇ. ಅದನ್ನು ಬೋರ್ಡಿನಲ್ಲಿ ಬರೆದಿಲ್ಲ.

ದಸ್ತಗೀರ್ ಸಾಬರು ಬಂದದ್ದು ಮಧ್ಯಾಹ್ನ, ಕರೆಂಟು ಹೋಗಿ ಬಂದ ಮೇಲೆ.
ಉಗುರ ಸಂದಿಯಲ್ಲಿ ನಲವತ್ತು ವರ್ಷದ ಗ್ರೀಸು.
ಜೇಬಿನಿಂದ ತೆಗೆದರು ಒಂದು ವಿಸಿಟಿಂಗ್ ಕಾರ್ಡು,
ಬೆವರಿಗೆ ನೆನೆದು ಒಣಗಿ ಹಪ್ಪಳವಾದದ್ದು.
"ಸೆಲ್ವರಾಜು. ನನ್ನ ಪಾರ್ಟ್ನರು. ಆಗಿದ್ದ."
ಈಗೆಲ್ಲಿದ್ದಾರೆ ಅಂದೆ. ಪೀಣ್ಯ ಅಂದರು.
ಪೀಣ್ಯಕ್ಕೆ ಬಸ್ಸಿದೆಯಲ್ಲ ಸಾಬ್ರೇ?
"ಬಸ್ಸಿದೆ ತಾಯಿ, ಮುಖ ಇಲ್ಲ."

ಟೈಪು ಮಾಡಿದೆ, ಅವರು ಹೇಳಿದಷ್ಟನ್ನೇ:
ಲೇಥ್ ನೀನೇ ಇಟ್ಕೋ.
ಅವತ್ತು ನಾನಂದ ಮಾತು ವಾಪಸ್ ಕೊಡು.

ಮೂರು ನಿಮಿಷದಲ್ಲಿ ಮರಳಿ ಬಂತು.
ಇಂಥ ವಿಳಾಸವೇ ಇಲ್ಲ ಅಂತ ಸರ್ವರ್ ಹೇಳ್ತಿದೆ ಅಂದೆ.
"ಯಾವ ಸರ್ವರು? ಎದುರು ಹೋಟೆಲಿನವನಾ?"
ಅವರು ನಗಲಿಲ್ಲ, ನಾನೂ. ಆ ಹುಡುಗನಿಗಾದರೆ
ಸಕ್ಕರೆ ಯಾರಿಗೆ ಕಮ್ಮಿ ಅನ್ನುವುದು ಕೇಳದೆ ಗೊತ್ತು.

ಕಾರ್ಡನ್ನು ಟ್ಯೂಬ್‌ಲೈಟಿಗೆ ಹಿಡಿದೆವು.
ವಿ ಇರಬಹುದು, ಡಬ್ಲ್ಯೂ ಇರಬಹುದು,
ಕೊನೆಗಿರುವುದು ಓ ಅಕ್ಷರವೋ, ಸೊನ್ನೆಯೋ.
ನಮ್ಮ ಲಿಪಿಯಲ್ಲಿ ಸೊನ್ನೆಗೂ ಒಂದು ದನಿಯಿದೆ,
ಅಂಗಡಿಯ ಅಕಾರದ ಪಕ್ಕ ಕೂತು ಮೂಗಿನಲ್ಲಿ ಗುನುಗುತ್ತದೆ.
ಅಲ್ಲಿ ಹಾಗಲ್ಲ. ಒಂದು ಚುಕ್ಕೆ ಜಾಸ್ತಿಯಾದರೆ
ನೀನು ಯಾರೋ, ಅವನು ಯಾರೋ.

ಅಂಚೆಯ ಮುನಿಯಲ್ಲಪ್ಪ ಇದ್ದಾಗ ಬರೀ
"ಕೆಮ್ಮುವ ಟೈಲರ್ ಮನೆ, ಕಲಾಸಿಪಾಳ್ಯ" ಅಂತಿದ್ದರೂ
ಕಾಗದ ತಲುಪುತ್ತಿತ್ತು,
ಕೆಮ್ಮು ವಾಸಿಯಾದ ಮೇಲೂ.

ನಾಲ್ಕನೇ ಸಲ ಸೊನ್ನೆ ಹಾಕಿದೆ. ಮರಳಿ ಬರಲಿಲ್ಲ.
"ಹೋಯ್ತಾ?"
ಹೋಯ್ತು.
"ಸಿಕ್ತಾ?"
ಅದು ಬೇರೆ ಪ್ರಶ್ನೆ ಸಾಬ್ರೇ.

ದಿನಾ ಸಂಜೆ ಬಂದರು, ಟೀ ಕುಡಿಯುವ ನೆಪ.
ಹತ್ತು ದಿನ. ಆಮೇಲೆ ಬಿಟ್ಟು ಬಿಟ್ಟು. ಆಮೇಲೆ ಇಲ್ಲ.
ಕಾರಣಗಳನ್ನು ನಾನೇ ಹೊಸೆದುಕೊಂಡೆ:
ಪೆಟ್ಟಿಗೆ ತುಂಬಿರಬೇಕು, ಪಾಸ್‌ವರ್ಡ್ ಮರೆತಿರಬೇಕು,
ಮಗ ನೋಡಿ ಅಳಿಸಿರಬೇಕು,
ಓದಿಯೂ ಸುಮ್ಮನಿರಬೇಕು.
ಈ ಕೊನೆಯದನ್ನು ಯಾವ ಸರ್ವರೂ ತಿಳಿಸುವುದಿಲ್ಲ.

ನಿನ್ನೆ ರಾತ್ರಿ ಯಾರದೋ ಓಟಿಪಿ ಹುಡುಕುತ್ತ
ಸ್ಪ್ಯಾಮ್ ತೆರೆದೆ. ಅಲ್ಲಿ
ಸಾಲ ಕೊಡುವವರ, ಕೂದಲು ಬೆಳೆಸುವವರ ನೂಕುನುಗ್ಗಲಲ್ಲಿ
ಸೆಲ್ವರಾಜು ನಿಂತಿದ್ದರು,
ಇಪ್ಪತ್ತಾರು ದಿನದಿಂದ.
ಮೂವತ್ತಕ್ಕೆ ತಾನಾಗಿ ಅಳಿಸಿಹೋಗುತ್ತದಂತೆ.

"ಯಾವ ಮಾತು? ಲೇಥ್ ಸದ್ದಲ್ಲಿ ನಂಗೆ ಕೇಳ್ಸಿರ್ಲಿಲ್ಲ.
ಬೆಲ್ಟು ಹರಿದಿದೆ. ಬಾ."

ದಾರಿಯಲ್ಲೆಲ್ಲೂ ಕಳೆದಿರಲಿಲ್ಲ.
ಸಮುದ್ರದಾಚೆಯ ಯಾವುದೋ ತಣ್ಣನೆಯ ಕೋಣೆ ಹೊಕ್ಕು ಬಂದು
ನನ್ನ ಕುರ್ಚಿಯಿಂದ ಒಂದು ಗೇಣು ದೂರದಲ್ಲಿ
ತಡೆದು ನಿಂತಿತ್ತು. ತಡೆದವಳು ನಾನು.

ಪ್ರಿಂಟು ತೆಗೆದೆ. ಸಾಬರ ನಂಬರು ಬರೆದಿಟ್ಟಿರಲಿಲ್ಲ.
ಗೊತ್ತಿದ್ದದ್ದು ಇಷ್ಟೇ: ಹಿಂದಿನ ಗಲ್ಲಿ, ಬೇವಿನ ಮರದ ಎದುರು.
ಬೆಳಿಗ್ಗೆ ಷಟರ್ ಎತ್ತದೆ ಅತ್ತ ನಡೆದೆ.

ಮರ ಇರಲಿಲ್ಲ.
ರಸ್ತೆಗೆ ಕಾಂಕ್ರೀಟು ಸುರಿಯುವಾಗ ಕಡಿದಿರಬೇಕು,
ಬುಡದ ಗುರುತೂ ಇಲ್ಲ.
ಜಗಲಿಯಲ್ಲಿ ಕೂತು ಸೀರೆಗೆ ಫಾಲ್ ಹೊಲಿಯುತ್ತಿದ್ದವಳನ್ನು ಕೇಳಿದೆ,
ಇಲ್ಲಿ ಬೇವಿನ ಮರ ಎಲ್ಲಿ?
ತಲೆಯೆತ್ತದೆ, ಸೂಜಿಯಲ್ಲೇ ತೋರಿಸಿದಳು:
"ಅದೇ, ಅಲ್ಲಿ."