ಸ್ಥಳ ಪರಿಶೀಲನೆ

ಟೇಪು ಸುತ್ತಿಟ್ಟುಕೋ ತಮ್ಮಾ, ಒದ್ದೆಯಾಗುತ್ತದೆ.
ನೀನು ಹುಡುಕುವ ಮೂಡಣ ಗಡಿಕಲ್ಲು
ಅಗೋ, ಬೆಳ್ಳಕ್ಕಿ ಕೂತ ಗೂಟದ ಬುಡದಲ್ಲಿ, ಎದೆಮಟ್ಟ ನೀರೊಳಗೆ.
ಪಡುವಣದ್ದು ಕೇಳಬೇಡ.

ಬಂದಾ ಆಚೇ ಕಚೇರಿಯ ನಿನ್ನ ಹಾಳೆಯಲ್ಲಿ
ಮುನ್ನೂರ ಹನ್ನೆರಡು ಚದರ ಮೀಟರು,
ಮರ್ಹಾಮಾ, ತೆಂಗ್ಕು ಇಲ್ಯಾಸರ ಮಗಳು.
ಸರಿಯೇ. ಇಲ್ಲೇ ಇದ್ದೆ.
ನೀನು ದೋಣಿ ನಿಲ್ಲಿಸಿರುವುದು ನನ್ನ ಅಡುಗೆಮನೆಯಲ್ಲಿ.
ಚಪ್ಪಲಿ ಬಿಟ್ಟು ಬರಬೇಕಿತ್ತು.

ಅವತ್ತು ನೆಲ ಮೊದಲು ನಡುಗಿತು, ಆಮೇಲೆ
ಮೊಣಕಾಲೂರಿ ಕೂತಿತು, ಏಳಲಿಲ್ಲ.
ನೀರು ಬಂದದ್ದು ಅದಾದ ಮೇಲೆ. ಅದನ್ನು ಹೇಳುವುದಿಲ್ಲ,
ಬಂದವರಿಗೆಲ್ಲ ಹೇಳಿ ಆ ಮಾತು ಸವೆದುಹೋಗಿದೆ.
ಬೇರೆ ಊರುಗಳಲ್ಲಿ ನೀರು ಇಳಿಯಿತು.
ಇಲ್ಲಿ ಇಳಿಯಲು ಜಾಗವಿರಲಿಲ್ಲ.

ಎರಡು ವರ್ಷ ಬರೀ ಕೆಸರು.
ಇಲಾಖೆಯವರು ಬಂದರು, ಹಸಿರು ಅಂಗಿ, ಬಿದಿರುಗೂಟ,
ಗಿಡಕ್ಕೊಂದು ನಂಬರು, ಸಾಲಾಗಿ ನೆಟ್ಟು
ಊಟ ಮಾಡಿ ಫೋಟೋ ತೆಗೆಸಿಕೊಂಡು ಹೋದರು.
ನಮಗೂ ದಿನಗೂಲಿ ಸಿಕ್ಕಿತು, ಸುಳ್ಳು ಹೇಳಬಾರದು.
ಕಲ್ಚಿಪ್ಪು ಹತ್ತಿ ಗಿಡಗಳೆಲ್ಲ ಸತ್ತವು.
ಗೂಟಗಳು ಉಳಿದವು.

ಇವನ್ನು ಯಾರೂ ಕರೆದದ್ದಲ್ಲ.
ಯಾವ ಅಳಿವೆಯ ಯಾವ ತಾಯಿ ಕಾಂಡ್ಲಾವೋ
ಮೈಮೇಲಿರುವಾಗಲೇ ಮೊಳಕೆಯೊಡೆಸಿ, ಗೇಣುದ್ದ ಬೆಳೆಸಿ
ಹೋಗು ಎಂದು ಕೈಬಿಟ್ಟದ್ದು.
ಮಲಗಿಕೊಂಡೇ ತೇಲಿ ಬರುತ್ತವೆ; ಬುಡ ಭಾರವಾದ ದಿನ
ನೀರೊಳಗೇ ನೆಟ್ಟಗೆ ನಿಂತು
ಕಾಲ್ಬೆರಳಲ್ಲಿ ನೆಲ ತಡಕುತ್ತ ಸಾಗುತ್ತವೆ.
ಮೊದಲನೆಯದಕ್ಕೆ ನೆಲ ಸಿಕ್ಕಿದ್ದು
ನನ್ನ ಒಲೆಯ ಮೂರು ಕಲ್ಲುಗಳ ನಡುವೆ.

ಕಿತ್ತೆಸೆಯಲೆಂದೇ ಹೋದೆ, ತಮ್ಮಾ.
ಕೈ ಹಾಕಿ ಎಳೆದೆ. ನಾಲ್ಕೇ ಎಲೆ. ಬಿಡಲಿಲ್ಲ.
ಅಂಥ ಹಿಡಿತ ಅವತ್ತು ನನ್ನ ಕೈಗಿರಲಿಲ್ಲ.

ಈಗ ನೋಡು, ಬೇರಿನ ಮೇಲೆ ಬೇರು,
ಬೇರಿಗೆಲ್ಲ ತಿರಾಮ್ ಚಿಪ್ಪು.
ಲಾರಿಟ್ಯೂಬಿನ ಮೇಲೆ ಬುಟ್ಟಿಯಿಟ್ಟು ಇಳಿತದ ಹೊತ್ತಿಗೆ ಬರುತ್ತೇನೆ.
ನಾಲ್ಕು ಬಟ್ಟಲು ಬಿಡಿಸಿದರೆ ಅಕ್ಕಿಗೆ ದುಡ್ಡು.
ಅನ್ನ ಹುಟ್ಟುವುದು ಇವತ್ತೂ ಅದೇ ಒಲೆಯಲ್ಲಿ,
ಸುತ್ತು ಮಾತ್ರ ದೊಡ್ಡದು.
ಬಾಗಿಲಿದ್ದಲ್ಲಿ ಕೆಸರುಮೀನೊಂದು ಕಣ್ಣುಬಿಟ್ಟು ಕೂರುತ್ತದೆ,
ಹೋಗು ಅಂದರೂ ಹೋಗದ ನೆಂಟ.

ಯಾರ ಹೆಸರಿಗೆ ಬರೆಯಲಿ ಅಂದೆಯಾ?
ನನ್ನದು ಎಂದರೆ ಸಮುದ್ರಕ್ಕೆ ಕಂದಾಯ ಕಟ್ಟಬೇಕು,
ಸರ್ಕಾರದ್ದು ಎಂದರೆ ನಾಳೆ ಬೇಲಿ.
ಖಾಲಿ ಬಿಡು. ಬರೆಯಲೇಬೇಕಿದ್ದರೆ ಬರೆ:
ಸ್ಥಳದಲ್ಲಿ ಮನೆಯಿಲ್ಲ, ವಾಸವಿದೆ.

ದೋಣಿ ತಿರುಗಿಸು, ಭರತ ಏರುತ್ತಿದೆ.
ಆ ಮೂಲೆ ದಾಟುವಾಗ ಹುಟ್ಟು ಸ್ವಲ್ಪ ಮೇಲೆತ್ತು.
ಮೊನ್ನೆ ಬಂದದ್ದೊಂದಿದೆ ಅಲ್ಲಿ,
ಕಾಲಿಗಿನ್ನೂ ನೆಲ ಸಿಕ್ಕಿಲ್ಲ.